ಆಲಿಕಲ್ಲಿಗೊಂದು ಅಡ್ಡತಟ್ಟಿ

ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಮಗ್ಗುಲಲ್ಲಿ ರಾಮನಗುಳಿ ಎಂಬ ಊರಿದೆ. ದೂರದ ಪಂಜಾಬಿನ ಸಂಗ್ರೂರಿನಿಂದ ಹೊರಟ 52ನೇ ರಾಷ್ಟ್ರೀಯ ಹೆದ್ದಾರಿ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಈ ಊರನ್ನು ಹಾದು ಅಂಕೋಲಾದಲ್ಲಿ ಕೊನೆಗೊಳ್ಳುತ್ತದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಒಂದು ಕೆಲಸ ಶುರುವಾಗುತ್ತಿತ್ತು. ತೆಂಗಿನ ಮಡಲು ಹೆಣೆದು, ಇಲ್ಲವೆ ಅಡಿಕೆ ಸೋಗೆಯನ್ನು ದಬ್ಬೆಗಳ ನಡುವೆ ಬಿಗಿದು ತಟ್ಟಿ ಕಟ್ಟುವುದು; ಅದನ್ನು ಜಗಲಿಯ ಸುತ್ತ, ಗಾಳಿ ಬೀಸುವ ದಿಕ್ಕಿನ ಗೋಡೆಗೆ ನಿಲ್ಲಿಸುವುದು. ಮಳೆ ಮುಗಿದ ಮೇಲೆ ಬಿಚ್ಚಿ ಒಳಗಿಡುವುದು. ಈಗ ಅನೇಕ ಮನೆಗಳಲ್ಲಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ನೆರಳುಬಲೆ ಬಂದಿವೆ. ಅಡಿಕೆ ಕೊನೆಗೆ ಕೊಳೆ ತಗಲದಂತೆ ಕೊಟ್ಟೆ ಕಟ್ಟುವುದೂ ಇದೇ ಜಾತಿಯ ಉಪಾಯ. ಬೇಕಾದಾಗ ಕಟ್ಟು, ಬೇಡವಾದಾಗ ಬಿಚ್ಚು.

ಇದೇ ಉಪಾಯವನ್ನು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಕೆಲವರು ತಮ್ಮ ಕಾರುಗಳಿಗೆ ಬಳಸುತ್ತಾರೆ. ಅಮೆರಿಕದ ಒಕ್ಲಹೋಮಾ, ಕಾನ್ಸಾಸ್ ಬಯಲುಗಳಲ್ಲಿ ಬಿರುಗಾಳಿಯನ್ನು ಬೆನ್ನಟ್ಟಿ ಹೋಗುವ ವಾಹನಗಳ ಚಿತ್ರಗಳನ್ನು ವಿದ್ಯಾರ್ಥಿಗಳು ನೋಡಿರಬಹುದು. ಅವುಗಳಲ್ಲಿ ಕೆಲವಕ್ಕೆ ಗಾಜಿನ ಮುಂದೆ ಕಬ್ಬಿಣದ ಜಾಲರಿ ಇರುತ್ತದೆ. ಅದೇಕೆ? ಅದನ್ನು ಮಾಡುವುದು ಹೇಗೆ? ನಮ್ಮ ಊರಿನಲ್ಲಿ ಅದರಿಂದ ಕಲಿಯಬೇಕಾದದ್ದು ಏನಾದರೂ ಉಂಟೆ? ಈ ವಾರ ಅದನ್ನೇ ನೋಡೋಣ.

ಬಿರುಗಾಳಿಯ ಬೆನ್ನು ಹತ್ತಿದವರು

ಬಿರುಗಾಳಿ ಬಂದರೆ ಓಡಿ ಮನೆ ಸೇರುವುದು ಲೋಕಾರೂಢಿ. ಅದರ ಕಡೆಗೇ ಓಡುವವರು ಹುಟ್ಟಿಕೊಂಡದ್ದು 1950ರ ದಶಕದಲ್ಲಿ. ಉತ್ತರ ಡಕೋಟಾ ರಾಜ್ಯದ ಡೇವಿಡ್ ಹೋಡ್ಲಿ ಎಂಬಾತ 1956ರಲ್ಲಿ ಈ ಹವ್ಯಾಸ ಆರಂಭಿಸಿ, 1977ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ಮುಂದೆ ವಿಜ್ಞಾನಿಗಳು ಇದನ್ನು ಕೈಗೆತ್ತಿಕೊಂಡರು. ಸುಂಟರಗಾಳಿ ಎಲ್ಲಿ ಹುಟ್ಟುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಆದ್ದರಿಂದ ಉಪಕರಣವನ್ನು ಒಂದೆಡೆ ನೆಟ್ಟು ಕಾಯುವುದರಿಂದ ಪ್ರಯೋಜನ ಕಡಿಮೆ. ಉಪಕರಣವನ್ನೇ ಕಾರಿನ ಮೇಲೆ ಕಟ್ಟಿಕೊಂಡು ಹೋಗಬೇಕು. 1994 ಮತ್ತು 1995ರಲ್ಲಿ ನಡೆದ 'ವೋರ್ಟೆಕ್ಸ್' ಎಂಬ ದೊಡ್ಡ ಪ್ರಯೋಗದಲ್ಲಿ ವಿಜ್ಞಾನಿಗಳು ಮಾಡಿದ್ದು ಅದನ್ನೇ. 1996ರ 'ಟ್ವಿಸ್ಟರ್' ಚಲನಚಿತ್ರ ಈ ಸಾಹಸವನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಸಾಹಸದ ಬೆಲೆಯೂ ಸಣ್ಣದಲ್ಲ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ಟಿಮ್ ಸಮರಸ್ ಎಂಬ ಅನುಭವಿ ಸಂಶೋಧಕ, ಆತನ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಸುಂಟರಗಾಳಿಗೆ ಸಿಕ್ಕಿ ಸತ್ತರು. ದಶಕಗಳ ಅನುಭವವೂ ಅಲ್ಲಿ ನೆರವಿಗೆ ಬರಲಿಲ್ಲ. ಆದ್ದರಿಂದ ಮುಂದೆ ಹೇಳುವ ಯಾವ ಮಾತೂ 'ಬಿರುಗಾಳಿ ಬೆನ್ನಟ್ಟಿರಿ' ಎಂಬ ಪ್ರೋತ್ಸಾಹವಲ್ಲ.

ಇಂಥ ಮಳೆಮೋಡದ ಸುತ್ತ ಓಡಾಡುವವರಿಗೆ ಸುಂಟರಗಾಳಿಗಿಂತ ಹೆಚ್ಚು ಸಲ ಎದುರಾಗುವುದು ಆಲಿಕಲ್ಲು. 2025ರ ಮೇ, ಜೂನ್ ತಿಂಗಳಲ್ಲಿ 'ಐಸ್‌ಚಿಪ್' ಎಂಬ ಹೆಸರಿನ ಸಂಶೋಧನೆ ನಡೆಯಿತು. ಅದರಲ್ಲಿ ವಿಜ್ಞಾನಿಗಳು ಬೇಕೆಂದೇ ಆಲಿಕಲ್ಲಿನ ಮಳೆಯೊಳಗೆ ವಾಹನ ನುಗ್ಗಿಸಿ, ಬಿದ್ದ ಕಲ್ಲುಗಳನ್ನು ಆಯ್ದು, ತೂಗಿ, ಅಳೆದರು. ಗಾಜಿಗೆ ಜಾಲರಿಯ ರಕ್ಷೆ ಇಲ್ಲದೆ ಈ ಕೆಲಸ ಆಗುವಂಥದಲ್ಲ.

ಕಲ್ಲು ಬೆಳೆಯುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆಯವರು ಆಣೆಕಲ್ಲು ಎನ್ನುವ ಈ ಆಲಿಕಲ್ಲು ಗುಡುಗುಮೋಡದೊಳಗೆ ಬೆಳೆಯುತ್ತದೆ. ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ರಭಸದಿಂದ ಮೇಲೇರುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಸುಮಾರು ನಾಲ್ಕೂವರೆಯಿಂದ ಐದು ಕಿ.ಮೀ. ಎತ್ತರದಲ್ಲಿ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿದಿರುತ್ತದೆ. ಅದರಿಂದಾಚೆ ಮೋಡದ ಹನಿಗಳು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ನೀರಾಗಿಯೇ ಉಳಿದಿರುತ್ತವೆ. ಒಂದು ಹಿಮದ ಕಣ ಸಿಕ್ಕಿತೆಂದರೆ ಸಾಕು, ತಾಗಿದೊಡನೆ ಅದಕ್ಕಂಟಿ ಗಟ್ಟಿಯಾಗುತ್ತವೆ. ಮೇಲೇಳುವ ಗಾಳಿ ಎಷ್ಟು ಜೋರೋ ಅಷ್ಟು ಹೊತ್ತು ಆ ಕಣವನ್ನು ಎತ್ತಿ ಹಿಡಿಯುತ್ತದೆ. ಅಷ್ಟೂ ಹೊತ್ತು ಅದು ದಪ್ಪವಾಗುತ್ತ ಹೋಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ದೊಡ್ಡ ಕಲ್ಲನ್ನು ಕೊಯ್ದು ನೋಡಿದರೆ ಈರುಳ್ಳಿಯಂತೆ ಪದರಗಳು ಕಾಣುವುದು ಇದರಿಂದ.

ನಮ್ಮ ಕರಾವಳಿಯಲ್ಲಿ ಇದು ಅಪರೂಪ. ಬೀಳುವುದಾದರೂ ಮಾರ್ಚಿನಿಂದ ಮೇ ತನಕ, ಅಶ್ವಿನಿ ಭರಣಿ ಮಳೆಗಳ ಆಸುಪಾಸಿನಲ್ಲಿ, ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನೊಡನೆ. ಸಣ್ಣ ಕಲ್ಲುಗಳು ನಾಲ್ಕೂವರೆ ಕಿ.ಮೀ. ಬೆಚ್ಚಗಿನ ತೇವದ ಗಾಳಿಯಲ್ಲಿ ಇಳಿದು ಬರುವಷ್ಟರಲ್ಲಿ ಕರಗಿ ಹನಿಯಾಗಿಬಿಡುತ್ತವೆ. ಜೂನ್ ಬಂತೆಂದರೆ ಮಳೆ ಧಾರಾಕಾರವಾದರೂ ಮೋಡದೊಳಗಿನ ಮೇಲ್ಮುಖ ಗಾಳಿಗೆ ಕಲ್ಲನ್ನು ಬೆಳೆಸುವಷ್ಟು ಬಲ ಇರುವುದಿಲ್ಲ. ಘಟ್ಟದ ಮೇಲಿನ ಬಯಲುಸೀಮೆಯ ಪಾಡು ಬೇರೆ. 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರದಲ್ಲೂ ಅದಕ್ಕೆ ತಾಗಿದ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಬಿದ್ದ ಆಲಿಕಲ್ಲು ದ್ರಾಕ್ಷಿ, ದಾಳಿಂಬೆ, ಜೋಳದ ಬೆಳೆಗಳನ್ನು ಹಾಳುಗೆಡವಿದ್ದು ರೈತರ ನೆನಪಿನಲ್ಲಿದೆ. ರಾಮನಗುಳಿಯಿಂದ ಬೆಳಗಿನ ಬಸ್ಸಿಗೆ ಹೊರಟವರು ಮಧ್ಯಾಹ್ನದೊಳಗೆ ಆ ಬಯಲಿನಲ್ಲಿರುತ್ತಾರೆ ಎಂಬುದನ್ನು ಮರೆಯಬಾರದು.

ಅಪರೂಪ ಎಂದು ತಾತ್ಸಾರ ಮಾಡುವಂತೆಯೂ ಇಲ್ಲ. ಆಲಿಕಲ್ಲಿನಿಂದ ಸತ್ತವರ ಅತಿ ದೊಡ್ಡ ದಾಖಲೆ ನಮ್ಮ ದೇಶದ್ದೇ. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ 246 ಜನ ಸತ್ತರು. 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲಗಂಜ್‌ನಲ್ಲಿ ಒಂದು ಕಿಲೋಗ್ರಾಮಿಗೂ ತುಸು ಹೆಚ್ಚು ತೂಗಿದ ಕಲ್ಲು ಬಿತ್ತು. ಆ ಬಿರುಮಳೆಗೆ 92 ಜನ ಬಲಿಯಾದರು. ಅಮೆರಿಕದ ದಾಖಲೆ 2010ರ ಜುಲೈ 23ರಂದು ದಕ್ಷಿಣ ಡಕೋಟಾದ ವಿವಿಯನ್ ಎಂಬಲ್ಲಿ ಬಿದ್ದದ್ದು: ಅಡ್ಡಳತೆ 20 ಸೆಂ.ಮೀ., ತೂಕ ಸುಮಾರು 880 ಗ್ರಾಂ. ಸಾಧಾರಣ ತೆಂಗಿನಕಾಯಿಗೂ ಭಾರಿಯಾದ ಕಲ್ಲು!

ಎರಡರ ನಾಲ್ಕನೇ ಘಾತ

ಇನ್ನು ಲೆಕ್ಕಕ್ಕೆ ಬರೋಣ. ಒಂಬತ್ತನೇ ತರಗತಿಯ ಭೌತಶಾಸ್ತ್ರ ಸಾಕು.

ಎರಡೂವರೆ ಸೆಂ.ಮೀ. ಅಡ್ಡಳತೆಯ, ಅಂದರೆ ದೊಡ್ಡ ನೆಲ್ಲಿಕಾಯಿ ಗಾತ್ರದ ದುಂಡು ಕಲ್ಲಿನ ತೂಕ ಸುಮಾರು ಏಳೂವರೆ ಗ್ರಾಂ. ಗಾಳಿಯ ತಡೆಯಿಂದಾಗಿ ಅದು ಸುಮಾರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೆಲಕ್ಕೆ ಬರುತ್ತದೆ. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಇಲ್ಲಿ ಒಂದೂವರೆ ಜೌಲ್.

ಈಗ ಅಡ್ಡಳತೆಯನ್ನು ಎರಡು ಪಟ್ಟು ಮಾಡಿ. ಐದು ಸೆಂ.ಮೀ. ಕಲ್ಲಿನ ತೂಕ ಎರಡು ಪಟ್ಟಲ್ಲ, ಎಂಟು ಪಟ್ಟು, ಅಂದರೆ ಸುಮಾರು 59 ಗ್ರಾಂ. ವೇಗವೂ ಏರಿ ಸೆಕೆಂಡಿಗೆ 28 ಮೀಟರ್, ಗಂಟೆಗೆ ನೂರು ಕಿ.ಮೀ. ಆಗುತ್ತದೆ. ಶಕ್ತಿ ಸುಮಾರು 23 ಜೌಲ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿಗೆ ಇರುವಷ್ಟು. ಗಾತ್ರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು! ಅಡ್ಡಳತೆಯ ನಾಲ್ಕನೇ ಘಾತದಂತೆ ಪೆಟ್ಟು ಬೆಳೆಯುತ್ತದೆ ಎಂಬುದು ನೆನಪಿಡಬೇಕಾದ ಸೂತ್ರ. ನಿಜವಾದ ಆಲಿಕಲ್ಲು ಉಬ್ಬುತಗ್ಗಾಗಿದ್ದು ತುಸು ನಿಧಾನವಾಗಿ ಬಿದ್ದೀತು; ಆದರೂ ಅಂದಾಜಿಗೆ ಈ ಲೆಕ್ಕ ಸಾಕು.

ಇನ್ನೊಂದು ಮಾತು. ಕಲ್ಲು ಮೇಲಿನಿಂದ ಬೀಳುತ್ತಿದೆ, ನಿಮ್ಮ ವಾಹನ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತಿದೆ. ಮುಂಗಾಜಿನ ಮಟ್ಟಿಗೆ ಎರಡೂ ವೇಗಗಳು ಕೂಡುತ್ತವೆ. ಲಂಬಕೋನ ತ್ರಿಭುಜದ ಲೆಕ್ಕ ಹಾಕಿ ನೋಡಿ: ನೆಲ್ಲಿಕಾಯಿ ಗಾತ್ರದ ಕಲ್ಲಿನ ವೇಗ 20ರಿಂದ 26 ಮೀಟರಿಗೆ ಏರುತ್ತದೆ, ಪೆಟ್ಟು ಶೇಕಡ 70ರಷ್ಟು ಹೆಚ್ಚುತ್ತದೆ. ಆಲಿಕಲ್ಲು ಬೀಳತೊಡಗಿದಾಗ ಚಾಲಕ ವೇಗ ತಗ್ಗಿಸಿದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದರೆ, ಖರ್ಚಿಲ್ಲದೆ ಸಿಗುವ ರಕ್ಷಣೆ ಇದು.

ಗಾಜಿನಲ್ಲಿ ಎರಡು ಜಾತಿ

ಕಾರಿನ ಗಾಜೆಲ್ಲ ಒಂದೇ ಅಲ್ಲ. ಮುಂದಿನ ದೊಡ್ಡ ಗಾಜು ಎರಡು ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು. ಫ್ರಾನ್ಸಿನ ಎದುವಾ ಬೆನೆಡಿಕ್ಟಸ್ ಎಂಬಾತ ಇದರ ಮೂಲ ಉಪಾಯವನ್ನು ಕಂಡುಕೊಂಡು 1909ರಲ್ಲಿ ಹಕ್ಕುಪತ್ರ ಪಡೆದ. ಈ ಗಾಜು ಸೀಳುತ್ತದೆ, ಆದರೆ ಚೂರುಗಳು ಪದರಕ್ಕೇ ಅಂಟಿಕೊಂಡಿರುತ್ತವೆ. ಪಕ್ಕದ ಮತ್ತು ಹಿಂದಿನ ಗಾಜುಗಳು ಸಾಮಾನ್ಯವಾಗಿ ಹದಗೊಳಿಸಿದ ಗಾಜು. ಕಾಯಿಸಿ ತಟ್ಟನೆ ತಣಿಸುವುದರಿಂದ ಅದರ ಹೊರಮೈ ಬಿಗಿದುಕೊಂಡಿರುತ್ತದೆ; ಸಾಕಷ್ಟು ಪೆಟ್ಟು ತಡೆಯುತ್ತದೆ. ಆದರೆ ಒಂದು ಕಡೆ ಬಿಗಿ ತಪ್ಪಿತೆಂದರೆ ಇಡೀ ಗಾಜು ಒಮ್ಮೆಲೇ ಕಲ್ಲುಸಕ್ಕರೆಯ ಚೂರಿನಂತೆ ಉದುರಿಬಿಡುತ್ತದೆ. ಆಮೇಲೆ ಬರುವ ಕಲ್ಲುಗಳಿಗೆ ನೇರ ದಾರಿ.

ಆದ್ದರಿಂದ ಜಾಲರಿ ಹೆಚ್ಚು ಅಗತ್ಯವಿರುವುದು ಹಿಂದಿನ ಮತ್ತು ಪಕ್ಕದ ಗಾಜುಗಳಿಗೆ. ಮಕ್ಕಳು ಕೂರುವುದೂ ಅವುಗಳ ಪಕ್ಕದಲ್ಲೇ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು.

ತಟ್ಟಿ ಕಟ್ಟುವ ಕ್ರಮ

ನಮ್ಮಲ್ಲಿ ಗಾಜಿಗೆ ಜಾಲರಿ ತೊಟ್ಟ ವಾಹನ ಎಂದರೆ ಪೊಲೀಸ್ ವ್ಯಾನು. ಅಲ್ಲಿ ತಡೆಯಬೇಕಾದದ್ದು ಜನ ಎಸೆದ ಕಲ್ಲು, ಜಾಲರಿ ಖಾಯಂ. ಬಿಚ್ಚಿ ಕಟ್ಟುವ ತಟ್ಟಿ ಮಾಡಬೇಕೆಂದರೆ ನಾಲ್ಕು ವಿಷಯ ಯೋಚಿಸಬೇಕು.

ಮೊದಲನೆಯದು ಜಾಲರಿಯ ಕಣ್ಣು. ಎಲ್ಲ ಕಲ್ಲನ್ನೂ ತಡೆಯಬೇಕಾಗಿಲ್ಲ. ಅರ್ಧ ಇಂಚಿನ ಕಣ್ಣಿನ ಜಾಲರಿಯಲ್ಲಿ ತೂರಿ ಬರುವ ಕಲ್ಲಿನ ಅಡ್ಡಳತೆ ಹೆಚ್ಚೆಂದರೆ ಒಂದೂಕಾಲು ಸೆಂ.ಮೀ. ನಾಲ್ಕನೇ ಘಾತದ ಸೂತ್ರ ಹಚ್ಚಿ: ನೆಲ್ಲಿಕಾಯಿ ಗಾತ್ರದ ಕಲ್ಲಿನ ಹದಿನಾರನೇ ಒಂದು ಪಾಲು ಪೆಟ್ಟು, ಒಂದು ಜೌಲಿನ ಹತ್ತನೇ ಒಂದಂಶ. ಗಾಜಿಗೆ ಅದು ಲೆಕ್ಕಕ್ಕಿಲ್ಲ. ಕೋಳಿಗೂಡಿಗೆ ಹಾಕುವ ತೆಳು ತಂತಿಯ ಬಲೆ ಇದಕ್ಕೆ ಸಾಲದು. ತಂತಿ ಕೂಡುವಲ್ಲೆಲ್ಲ ಬೆಸುಗೆ ಹಾಕಿದ ವೆಲ್ಡ್ ಮೆಶ್ ಬೇಕು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜಾಲರಿಗೂ ಗಾಜಿಗೂ ನಡುವಿನ ಅಂತರ. ಜಾಲರಿಯನ್ನು ಗಾಜಿಗೆ ತಾಗಿಸಿ ಕಟ್ಟಿದರೆ ತಂತಿಯೇ ಉಳಿಯಂತೆ ಗಾಜಿಗೆ ಪೆಟ್ಟು ಮುಟ್ಟಿಸುತ್ತದೆ. ಕೆಲಸ ಎಂದರೆ ಬಲ ಮತ್ತು ದೂರಗಳ ಗುಣಲಬ್ಧ. 23 ಜೌಲ್ ಶಕ್ತಿಯ ಕಲ್ಲನ್ನು ಎರಡು ಮಿ.ಮೀ. ದೂರದಲ್ಲಿ ನಿಲ್ಲಿಸಲು ಸರಾಸರಿ 11,500 ನ್ಯೂಟನ್ ಬಲ ಬೇಕು. ಒಂದು ಟನ್ನಿಗೂ ಮೀರಿದ ಭಾರ. ಐದು ಸೆಂ.ಮೀ. ದೂರದಲ್ಲಿ ನಿಲ್ಲಿಸಲು 460 ನ್ಯೂಟನ್ ಸಾಕು. ಅಂದರೆ 47 ಕೆ.ಜಿ. ಭಾರ. ಕ್ಯಾಚ್ ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಲೆಕ್ಕದ ಮೇಲೆ. ಜಾಲರಿಗೆ ಜಗ್ಗಲು ಜಾಗ ಬೇಕು. ಕನಿಷ್ಠ ಐದರಿಂದ ಎಂಟು ಸೆಂ.ಮೀ. ಬಿಡಿ.

ಜಾಲರಿ ಎಷ್ಟು ಗಟ್ಟಿ ಇರಬೇಕು? ಜಗ್ಗಿದಷ್ಟೂ ಜಾಲರಿ ಹೆಚ್ಚು ಬಲದಿಂದ ಮರಳಿ ತಳ್ಳುತ್ತದೆ. ಕೊನೆಯಲ್ಲಿ ಆ ಬಲ ಸರಾಸರಿಯ ಎರಡು ಪಟ್ಟಾಗಿರುತ್ತದೆ. ಆದ್ದರಿಂದ ಪರೀಕ್ಷೆ ಹೀಗೆ: ಸಿದ್ಧವಾದ ತಟ್ಟಿಯನ್ನು ಎರಡು ಬೆಂಚುಗಳ ಮೇಲೆ ಅಡ್ಡಲಾಗಿ ಇಟ್ಟು, ನಡುವೆ 50 ಕೆ.ಜಿ. ಅಕ್ಕಿಚೀಲ ಇಡಿ. ಬಿಟ್ಟ ಅಂತರದ ಅರ್ಧಕ್ಕಿಂತ ಹೆಚ್ಚು ಜಗ್ಗಬಾರದು. ಜಗ್ಗಿದರೆ ನಡುವೆ ಇನ್ನೊಂದು ಅಡ್ಡಪಟ್ಟಿ ಬೇಕು.

ಮೂರನೆಯದು ಚೌಕಟ್ಟು. ಹಳೆಯ ವೃತ್ತಪತ್ರಿಕೆಯನ್ನು ಗಾಜಿನ ಮೇಲೆ ಹರಡಿ, ಅಂಚು ಗುರುತಿಸಿ ಕತ್ತರಿಸಿಕೊಳ್ಳಿ. ಸುತ್ತಲೂ ಮೂರು ಸೆಂ.ಮೀ. ಹೆಚ್ಚಿಗೆ ಇರಲಿ. ಆಗ ಚೌಕಟ್ಟು ಗಾಜಿನ ಮೇಲೆ ಕೂರದೆ ಬಾಗಿಲ ತಗಡಿನ ಮೇಲೆ ಕೂರುತ್ತದೆ. ಒಂದು ಇಂಚಿನ ಅಲ್ಯೂಮಿನಿಯಂ ಕೋನಪಟ್ಟಿ ಹಗುರ; ಕಬ್ಬಿಣವಾದರೆ ಕರಾವಳಿಯ ಉಪ್ಪುಗಾಳಿಗೆ ಬಣ್ಣ ಬಳಿಯಲೇಬೇಕು. ನಾಲ್ಕು ಮೂಲೆಗಳಿಗೂ ಅಂತರಕ್ಕೆ ತಕ್ಕ ಮರದ ತುಂಡು ಕೂರಿಸಿ, ಅದರ ತಳಕ್ಕೆ ಸೈಕಲ್ ಟ್ಯೂಬಿನ ಹಳೆಯ ರಬ್ಬರು ಸುತ್ತಿದರೆ ಬಣ್ಣವೂ ಕೆರೆಯದು, ಗಡಗಡ ಸದ್ದೂ ಬಾರದು.

ನಾಲ್ಕನೆಯದು ಕಟ್ಟುವ ಬಗೆ. ಕಾರಿಗೆ ತೂತು ಕೊರೆಯುವುದು ಬೇಡ. ಚೌಕಟ್ಟಿನ ಮೇಲಂಚಿಗೆ ಎರಡು ದಪ್ಪ ನವಾರಿನ ಪಟ್ಟಿ ಹೊಲಿಸಿ, ಅದರ ತುದಿಗೆ ಗಂಟು ಹಾಕಿ. ಬಾಗಿಲು ತೆರೆದು ಗಂಟನ್ನು ಒಳಕ್ಕೆ ಇಳಿಬಿಟ್ಟು ಬಾಗಿಲು ಮುಚ್ಚಿದರೆ ಪಟ್ಟಿ ಸಂದಿನಲ್ಲಿ ಸಿಕ್ಕಿಕೊಂಡು ತಟ್ಟಿಯನ್ನು ಹಿಡಿದಿಡುತ್ತದೆ. ಕೆಳಗಿನ ಮೂಲೆಗಳಿಗೂ ಹಾಗೆಯೇ ಒಂದೊಂದು ಪಟ್ಟಿ, ಬಾಗಿಲಿನ ಪಕ್ಕದ ಸಂದಿಗೆ. ಬಿಚ್ಚಲು ಬಾಗಿಲು ತೆರೆದರಾಯಿತು.

ತಂತಿ ಬೇಡವೆಂದರೆ ಪಾಲಿಕಾರ್ಬೊನೇಟ್ ಹಾಳೆ ಉಂಟು. ಪೆಟ್ಟಿಗೆ ಅದು ಗಾಜಿಗಿಂತ ಬಹಳ ಗಟ್ಟಿ. ಆದರೆ ಬೇಗ ಗೀರು ಬೀಳುತ್ತದೆ. ನಿಂತಿರುವ ವಾಹನಕ್ಕಾದರೆ ನಮ್ಮ ಕಡೆ ಸಿಗುವ ತೆಂಗಿನ ನಾರಿನ ಹಾಸು ಮತ್ತು ಗೋಣಿತಾಟನ್ನು ಸೇರಿಸಿ ಹೊಲಿದ ಹೊದಿಕೆ ಅಗ್ಗ ಮತ್ತು ಸುಲಭ. ನಾರು ಕುಗ್ಗುವ ದಪ್ಪವೇ ಇಲ್ಲಿ ಅಂತರದ ಕೆಲಸ ಮಾಡುತ್ತದೆ.

ಬಿಚ್ಚುವಂತಿರಬೇಕು, ಏಕೆ?

ಇಷ್ಟೆಲ್ಲ ಮಾಡುವ ಬದಲು ಜಾಲರಿಯನ್ನು ಖಾಯಂ ಬೆಸುಗೆ ಹಾಕಿಸಿಬಿಟ್ಟರೆ ಆಗದೆ ಎಂದು ಯಾರಾದರೂ ಕೇಳಬಹುದು. ಆಗದು. ಅದಕ್ಕೆ ಎರಡು ಕಾರಣ.

ಒಂದು, ಕಾಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡ 70, ಪಕ್ಕದ ಗಾಜಿನಲ್ಲಿ ಶೇಕಡ 50ರಷ್ಟು ಬೆಳಕು ಹಾಯಬೇಕು. ಕಾಯಿದೆಯ ಮಾತಿರಲಿ, ಅರಬೈಲಿನ ತಿರುವುಗಳಲ್ಲಿ ಎದುರಿನಿಂದ ಲಾರಿ ಬರುವಾಗ ಚಾಲಕನ ಕಣ್ಣಿಗೆ ಅಡ್ಡ ಬರುವ ಯಾವುದೇ ವಸ್ತು ಆಲಿಕಲ್ಲಿಗಿಂತ ದೊಡ್ಡ ಅಪಾಯ. ಆದ್ದರಿಂದ ತಟ್ಟಿಯ ಸ್ಥಳ, ವಾಹನ ಓಡುವಾಗ, ಡಿಕ್ಕಿಯೊಳಗೆ.

ಎರಡನೆಯ ಕಾರಣ ಜೀವಕ್ಕೆ ಸಂಬಂಧಿಸಿದ್ದು. ಗಾಜು ಒಡೆಯಬಾರದು ಎಂದು ಇಷ್ಟು ಹೊತ್ತು ಹೇಳಿದೆವು. ಗಾಜು ಒಡೆಯಲೇಬೇಕಾದ ಸಂದರ್ಭಗಳೂ ಉಂಟು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬನಗರ ಜಿಲ್ಲೆಯಲ್ಲಿ ಬೆಂಕಿಗೆ ಆಹುತಿಯಾಗಿ 45 ಜನ ಸತ್ತರು. ಅದಾಗಿ ಎರಡೇ ವಾರದಲ್ಲಿ, ನವೆಂಬರ್ 14ರಂದು, ನಮ್ಮ ಹಾವೇರಿಯ ಬಳಿ ಇನ್ನೊಂದು ಬಸ್ಸು ಉರಿದು ಏಳು ಜನ ಸತ್ತರು. ತೆರೆಯಲಾಗದ ದೊಡ್ಡ ಗಾಜುಗಳ ಬಸ್ಸಿನಲ್ಲಿ ಬೆಂಕಿ ಹತ್ತಿದಾಗ ಆ ಗಾಜೇ ಕೊನೆಯ ಬಾಗಿಲು. ಗಾಜಿನ ಹೊರಗೆ ಬಿಚ್ಚಲು ಬಾರದ ಜಾಲರಿ ಇದ್ದರೆ ಆ ಬಾಗಿಲೂ ಮುಚ್ಚಿದಂತೆ. ಹೊಳೆಗೆ ಬಿದ್ದ ವಾಹನಕ್ಕೂ ಇದೇ ಮಾತು. ಗಂಗಾವಳಿಯ ದಂಡೆಗುಂಟ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದಲೇ ಪಟ್ಟಿಯ ಗಂಟನ್ನು ಬಾಗಿಲ ಸಂದಿಗೆ ಸಿಕ್ಕಿಸುವ ಉಪಾಯ. ಒಳಗಿನವರು ಬಾಗಿಲು ತಳ್ಳಿದರೆ ತಟ್ಟಿ ತಾನಾಗಿ ಕಳಚಿ ಬೀಳಬೇಕು. ತಟ್ಟಿ ಮಾಡಿ ಮುಗಿದ ಮೇಲೆ ಮನೆಯ ಅತಿ ಚಿಕ್ಕ ಮಗುವನ್ನು ಒಳಗೆ ಕೂರಿಸಿ, 'ಬಾಗಿಲು ತೆರೆದು ಹೊರಗೆ ಬಾ' ಎನ್ನಿ. ಮಗು ಯಾರ ನೆರವೂ ಇಲ್ಲದೆ ಬಂದರೆ ತಟ್ಟಿ ಪಾಸು. ಇಲ್ಲವಾದರೆ ಎಷ್ಟೇ ಗಟ್ಟಿಯಾಗಿದ್ದರೂ ನಪಾಸು.

ಹಪ್ಪಳದ ಪ್ರಯೋಗ

ಕಾರಿಲ್ಲದ ಮನೆಯಲ್ಲೂ ಈ ಪಾಠ ಕಲಿಯಬಹುದು. ಗಾಜಿನ ಬದಲು ಹಪ್ಪಳ. ಹಲಸಿನ ಹಪ್ಪಳ ನಮ್ಮ ಜಿಲ್ಲೆಯಲ್ಲಿ ಯಾರ ಮನೆಯಲ್ಲಿ ಇಲ್ಲ? ಚೆನ್ನಾಗಿ ಒಣಗಿದ, ಸುಡದ ಹಪ್ಪಳ ಬೇಕು.

ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ 60 ಮಿ.ಲೀ. ನೀರು ಹಾಕಿ, ಗಾಳಿ ತೆಗೆದು, ದುಂಡಗಾಗುವಂತೆ ಬಿಗಿದು ಕಟ್ಟಿ ಫ್ರೀಜರಿನಲ್ಲಿಡಿ. ಇಂಥ ಐದಾರು ಗುಂಡು ಇರಲಿ. ಅಗಲ ಬಾಯಿಯ ಪಾತ್ರೆಯೊಂದರ ಮೇಲೆ ಹಪ್ಪಳ ಇಡಿ. ಎರಡೂವರೆ ಮೀಟರ್ ಎತ್ತರದಿಂದ ದೊಡ್ಡವರು ಮಂಜಿನ ಗುಂಡನ್ನು ಅದರ ಮೇಲೆ ಬಿಡಲಿ. ಎರಡೂವರೆ ಮೀಟರೇ ಏಕೆ? 60 ಗ್ರಾಂ ತೂಕ ಅಷ್ಟು ಎತ್ತರದಿಂದ ಬಿದ್ದರೆ ಸಿಗುವ ಶಕ್ತಿ ಒಂದೂವರೆ ಜೌಲ್. ಮೋಡದಿಂದ ಬಿದ್ದ ನೆಲ್ಲಿಕಾಯಿ ಗಾತ್ರದ ಆಲಿಕಲ್ಲಿಗೆ ಇರುವಷ್ಟೇ! ಚಿಕ್ಕ ಕಲ್ಲಿಗೆ ಆ ಶಕ್ತಿ ಬರಿಸಬೇಕೆಂದರೆ ಏಳಂತಸ್ತಿನ ಕಟ್ಟಡ ಹುಡುಕಬೇಕಾಗುತ್ತದೆ. ದೊಡ್ಡ ಗುಂಡಿಗೆ ಅಟ್ಟದ ಏಣಿ ಸಾಕು.

ಬರಿ ಹಪ್ಪಳ ಒಡೆಯುತ್ತದೆ. ಎರಡನೆಯ ಸಲ ಸೊಳ್ಳೆಪರದೆಯ ತುಂಡನ್ನು ಹಪ್ಪಳಕ್ಕೆ ತಾಗಿಸಿ ಹರಡಿ. ಮೂರನೆಯ ಸಲ ಅದೇ ತುಂಡನ್ನು ಹಳೆಯ ಫೋಟೊ ಚೌಕಟ್ಟಿಗೆ ಬಿಗಿದು, ಹಪ್ಪಳದಿಂದ ಐದು ಸೆಂ.ಮೀ. ಮೇಲೆ ನಿಲ್ಲಿಸಿ. ನಾಲ್ಕನೆಯ ಸಲ ನಾರಿನ ಹಾಸು. ಪ್ರತಿಯೊಂದನ್ನೂ ಐದು ಸಲ ಮಾಡಿ ಎಷ್ಟು ಹಪ್ಪಳ ಒಡೆದವು, ಎಷ್ಟು ಉಳಿದವು ಎಂದು ವಹಿಯಲ್ಲಿ ಬರೆದಿಡಿ. ಅದೇ ಪರದೆ, ಅದೇ ಗುಂಡು. ಬದಲಾಗಿದ್ದು ಅಂತರ ಮಾತ್ರ. ಫಲಿತಾಂಶದ ವ್ಯತ್ಯಾಸವನ್ನು ನಿಮ್ಮ ವಹಿಯೇ ಹೇಳಲಿ. ಗಾಜಿನ ತುಂಡನ್ನು ಮಾತ್ರ ಈ ಪ್ರಯೋಗಕ್ಕೆ ಯಾರೂ ಬಳಸಕೂಡದು. ಕೆಳಗೆ ಯಾರೂ ತಲೆಯೊಡ್ಡಿ ನಿಲ್ಲಕೂಡದು. ಒಡೆದ ಹಪ್ಪಳ ಹಾಳಾಗಲಿಲ್ಲ, ಕರಿದು ತಿನ್ನಬಹುದು.

ದಾರಿಯಲ್ಲಿ ಸಿಕ್ಕಿಬಿದ್ದರೆ

ತಟ್ಟಿಯೂ ಇಲ್ಲ, ಮನೆಯೂ ದೂರ, ಆಲಿಕಲ್ಲು ಬೀಳತೊಡಗಿತು ಎನ್ನಿ. ಏನು ಮಾಡಬೇಕು?

ನಿಧಾನಿಸಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ನಾಲ್ಕೂ ಸೂಚಕ ದೀಪ ಹಚ್ಚಿ. ಪೆಟ್ರೋಲ್ ಬಂಕಿನ ಮಾಡು ಸಿಕ್ಕರೆ ಒಳ್ಳೆಯದು. ಮರದ ಕೆಳಗೆ ಬೇಡ. ಆಲಿಕಲ್ಲು ತರುವ ಗಾಳಿಯೇ ಕೊಂಬೆ ಮುರಿಯುತ್ತದೆ. ಘಟ್ಟದ ಕಡಿದ ಧರೆಯ ಬುಡದಲ್ಲೂ ಬೇಡ. ಕಲ್ಲು ಓರೆಯಾಗಿ ಬರುತ್ತಿದ್ದರೆ ವಾಹನದ ಮೂತಿಯನ್ನು ಆ ಕಡೆಗೆ ತಿರುಗಿಸಿ. ಪದರವಿರುವ ಮುಂಗಾಜು ಪೆಟ್ಟು ತಿನ್ನಲಿ, ಪಕ್ಕದ ಗಾಜು ಉಳಿಯಲಿ. ಮಕ್ಕಳು ಕಿಟಕಿಗೆ ಬೆನ್ನು ಮಾಡಿ, ತಲೆ ತಗ್ಗಿಸಿ, ಕಂಬಳಿಯನ್ನೋ ಶಾಲನ್ನೋ ಹೊದ್ದು ಕೂರಲಿ. ಗುಡುಗುತ್ತಿರುವಾಗ ತಟ್ಟಿ ಕಟ್ಟಲೆಂದು ಹೊರಗೆ ಇಳಿಯಕೂಡದು. ಮುಚ್ಚಿದ ಕಾರಿನ ತಗಡಿನ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ, ಒಳಗಿರುವುದೇ ಕ್ಷೇಮ. ಆಲಿಕಲ್ಲಿನ ಮಳೆ ಒಂದೆಡೆ ಸಾಮಾನ್ಯವಾಗಿ ಕೆಲವೇ ನಿಮಿಷ. ಅಷ್ಟು ತಾಳ್ಮೆ ಸಾಕು.

ತಟ್ಟಿ ಕಟ್ಟುವುದಾದರೆ ಮೋಡ ಕಟ್ಟುವ ಮುನ್ನವೇ ಕಟ್ಟಬೇಕು. ಅದಕ್ಕೆ ಮುನ್ಸೂಚನೆ ಓದುವ ಅಭ್ಯಾಸ ಬೇಕು. ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ವ್ಯವಸ್ಥೆ ಹತ್ತಿರದ ಸಿಡಿಲಿನ ಸುಳಿವು ಕೊಡುತ್ತದೆ. ದಿನಾ ಸಂಜೆ ಮನೆಯ ಒಬ್ಬ ವಿದ್ಯಾರ್ಥಿ ಅದನ್ನು ನೋಡಿ ಎಲ್ಲರಿಗೆ ಹೇಳುವ ಪರಿಪಾಠ ಇಟ್ಟುಕೊಂಡರೆ ತಟ್ಟಿಗಿಂತ ಅದೇ ದೊಡ್ಡ ರಕ್ಷೆ.

ರಾಮನಗುಳಿ ಸೀಮೆಗೆ ಆಲಿಕಲ್ಲು ದೊಡ್ಡ ಶತ್ರುವೇನಲ್ಲ ಎಂಬುದು ನಿಜ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಗಂಗಾವಳಿಯ ನೆರೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ, ಇವುಗಳ ಮುಂದೆ ಕಾರಿನ ಗಾಜು ಯಾವ ಲೆಕ್ಕ? ಆದರೆ ಕೇಳಬೇಕಾದ ಪ್ರಶ್ನೆಗಳು ಎಲ್ಲಕ್ಕೂ ಒಂದೇ. ಬರುವ ಪೆಟ್ಟು ಎಷ್ಟು ದೊಡ್ಡದು? ನನ್ನಲ್ಲಿ ದುರ್ಬಲವಾದದ್ದು ಯಾವುದು? ನಡುವೆ ಎಷ್ಟು ಅಂತರ ಬಿಡಬೇಕು? ಹೊರಬೀಳುವ ದಾರಿ ತೆರೆದಿದೆಯೆ? ಹೊಳೆಯ ದಂಡೆಯಲ್ಲಿ ಮನೆ ಕಟ್ಟುವವರೂ, ಗುಡ್ಡದ ಬುಡದಲ್ಲಿ ಅಂಗಡಿ ಇಡುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು. ಒಂದು ಹಪ್ಪಳ, ಒಂದು ಮಂಜಿನ ಗುಂಡು ಇಟ್ಟುಕೊಂಡು ಅವನ್ನು ಮಕ್ಕಳಿಗೆ ಈ ಬೇಸಿಗೆ ರಜೆಯಲ್ಲಿಯೇ ಕಲಿಸಬಹುದು.